ಸಹಾಯ ಬೇಕು: ಆಟ ನಿಂತಿದೆ, ಮನಸ್ಸು ಹತೋಟಿಗೆ ಬರುತ್ತಿಲ್ಲ

ನಾನು ಗಾಲಿಕುರ್ಚಿ ಬಾಸ್ಕೆಟ್‌ಬಾಲ್ ಆಡುವವಳು. ಭುಜದ ನೋವಿಗೆ ವೈದ್ಯರು ಸದ್ಯ ಆಟ ಬೇಡ ಎಂದಿದ್ದಾರೆ. ಚೆಂಡು ಎಸೆಯುವುದೂ ಅದೇ ಭುಜ, ಮನೆಯೊಳಗೆ ಕುರ್ಚಿ ತಳ್ಳುವುದೂ ಅದೇ ಭುಜ. ವಿಶ್ರಾಂತಿ ಎಂಬುದು ಬರೀ ಬಾಯಿಮಾತು.

ನಾನು 1.5 ಅಂಕದ ಆಟಗಾರ್ತಿ. ಇದು ಆಟದಲ್ಲಿ ಗಳಿಸುವ ಅಂಕವಲ್ಲ, ದೇಹದ ಚಲನೆ ನೋಡಿ ಪ್ರತಿ ಆಟಗಾರರಿಗೂ ಕೊಡುವ ಅಂಕ; ವೈಕಲ್ಯ ಹೆಚ್ಚಿದ್ದಷ್ಟೂ ಅಂಕ ಕಡಿಮೆ. ಅಂತಾರಾಷ್ಟ್ರೀಯ ನಿಯಮದಂತೆ ಅಂಗಣದಲ್ಲಿರುವ ಐವರ ಅಂಕ ಸೇರಿ 14 ದಾಟಬಾರದು. ಹಾಗಾಗಿ ಹೆಚ್ಚು ವೈಕಲ್ಯವಿರುವ ನನ್ನಂಥವರು ತಂಡಕ್ಕೆ ಬೇಕೇ ಬೇಕು. ಮನೆಯಲ್ಲಿ ಕುಳಿತವಳು ಯಾರಿಗೆ ಬೇಕು? ನಿದ್ದೆ ಕೆಟ್ಟಿದೆ. ತಂಡದವರ ಕರೆ ಬಂದರೆ ಮೊಬೈಲ್ ಮಗುಚಿಡುತ್ತೇನೆ. ‘ನೀನು ಎಲ್ಲರಿಗೂ ಸ್ಫೂರ್ತಿ’ ಎನ್ನುವವರ ಮುಂದೆ ಅಳುವುದಾದರೂ ಹೇಗೆ? (ಕೆಟ್ಟ ಪಾಸ್ ಕೊಟ್ಟೆ ಎಂದು ಬೈಯುವ ತರಬೇತುದಾರರೇ ವಾಸಿ.)

ಕ್ರೀಡೆ, ಅಂಗವೈಕಲ್ಯ ಎರಡನ್ನೂ ಬಲ್ಲ ಆಪ್ತಸಮಾಲೋಚಕರು ಆನ್‌ಲೈನ್‌ನಲ್ಲಿ ಸಿಗುತ್ತಾರೆಯೇ? ಗಾಯದಿಂದ ಹೊರಗುಳಿದಿದ್ದವರು ತಂಡದ ನಂಟನ್ನು ಹೇಗೆ ಉಳಿಸಿಕೊಂಡಿರಿ? ‘ಧೈರ್ಯವಾಗಿರಿ’ ಎಂಬುದೊಂದನ್ನು ಬಿಟ್ಟು ಏನು ಬೇಕಾದರೂ ಬರೆಯಿರಿ.