ಒಂದೇ ರಿಕ್ಷಾದ ಗೆಳತಿಯರು, ಈಗ ಎರಡು ವಿಭಾಗ

ಪ್ರಶ್ನೆ (ತಾಯಿ, ಅಂಕೋಲಾ):
ನಮಸ್ಕಾರ ಮೇಡಂ. ನನ್ನ ಮಗಳು ಆರನೇ ತರಗತಿ. ಜೂನ್‌ನಲ್ಲಿ ಶಾಲೆಯವರು ಪರೀಕ್ಷೆ ನಡೆಸಿ, ಮೂವತ್ತು ಮಕ್ಕಳನ್ನು ಆರಿಸಿ ‘ವಿಶೇಷ ವಿಭಾಗ’ ಮಾಡಿದರು. ಇವಳು ಆಯ್ಕೆಯಾದಳು, ಪಕ್ಕದ ಮನೆಯ ಗೆಳತಿ ಆಗಲಿಲ್ಲ. ಬಾಲವಾಡಿಯಿಂದಲೂ ಇಬ್ಬರೂ ಒಂದೇ ರಿಕ್ಷಾದಲ್ಲಿ ಹೋದವರು. ಈಗ ಗೆಳತಿಯ ತಾಯಿ ಬೇರೆ ರಿಕ್ಷಾ ಗೊತ್ತು ಮಾಡಿದ್ದಾರೆ. ಮೇ ತಿಂಗಳಲ್ಲಿ ಅವರ ಹಿತ್ತಲಿನ ಕರಿ ಈಶಾಡು ಮಾವು ಬುಟ್ಟಿ ತುಂಬ ನಮ್ಮ ಮನೆಗೆ ಬಂದಿತ್ತು. ಚೌತಿಗೆ ನಾನು ಕಳಿಸಿದ ಚಕ್ಕುಲಿ ಡಬ್ಬಿ ಮುಚ್ಚಳ ತೆಗೆಯದೆ ಹಾಗೆಯೇ ಹಿಂದೆ ಬಂತು. ಮಗಳು ‘ಆ ವಿಭಾಗವೇ ಬೇಡ’ ಎಂದು ರಾತ್ರಿ ಅಳುತ್ತಾಳೆ. ಬದಲಿಸಿಬಿಡಲೇ?

ಉತ್ತರ (ಶಾಲಾ ಆಪ್ತಸಮಾಲೋಚಕಿ, ಶಿರಸಿ):
ಈಗಲೇ ಬದಲಿಸಬೇಡಿ. ಅಳು ಯಾವುದಕ್ಕೆ ಎಂದು ಮೊದಲು ತಿಳಿಯಬೇಕು. ಪಾಠದ ವೇಗ ತಡೆಯಲಾಗುತ್ತಿಲ್ಲವೋ, ಬುತ್ತಿ ಬಿಚ್ಚುವಾಗ ಪಕ್ಕದಲ್ಲಿ ಯಾರೂ ಇಲ್ಲವೋ? ಎರಡಕ್ಕೂ ಮದ್ದು ಬೇರೆ. ‘ಇವತ್ತು ಯಾರ ಜೊತೆ ಊಟ ಮಾಡಿದೆ?’ ಎಂದು ಒಂದು ವಾರ ಕೇಳಿ ನೋಡಿ.

ಹಿಂದೆ ಬಂದ ಡಬ್ಬಿಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹನ್ನೊಂದು ವರ್ಷದ ಮಗಳಿಗೆ ಒಂದೇ ಬೆಳಗಿನಲ್ಲಿ ‘ಸಾಮಾನ್ಯ’ ಎಂಬ ಹಣೆಪಟ್ಟಿ ಕಟ್ಟಿ ಕಳಿಸಿದರೆ ಯಾವ ತಾಯಿಗೆ ಚಕ್ಕುಲಿ ಗಂಟಲಲ್ಲಿ ಇಳಿದೀತು?

ಆ ಹಣೆಪಟ್ಟಿಗೆ ಅಷ್ಟು ತೂಕವೂ ಇಲ್ಲ. ಅಮೆರಿಕದ ಮನೋವಿಜ್ಞಾನಿ ಜೋಸೆಫ್ ರೆಂಜುಲ್ಲಿ 1978ರಲ್ಲೇ ಪ್ರತಿಭೆಗೆ ಮೂರು ಅಂಗ ಹೇಳಿದರು: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಸೃಜನಶೀಲತೆ, ಹಿಡಿದ ಕೆಲಸ ಬಿಡದ ಛಲ. ಪ್ರಶ್ನೆಪತ್ರಿಕೆ ಮೊದಲನೆಯದನ್ನು ಅಷ್ಟಿಷ್ಟು ಅಳೆಯಬಹುದು, ಉಳಿದೆರಡು ಅದರ ಕೈಗೆ ಸಿಗುವುದಿಲ್ಲ. ನನ್ನ ಬಳಿ ಬಂದ ಒಬ್ಬ ಹುಡುಗ ಭಿನ್ನರಾಶಿ ಎಂದರೆ ಬೆವರುತ್ತಿದ್ದ. ಯಕ್ಷಗಾನದ ತರಗತಿಯಲ್ಲಿ ಅವನೇ ತ್ರಿವುಡೆ ತಾಳದ ಏಳು ಅಕ್ಷರವನ್ನು ತೊಡೆಯ ಮೇಲೆ ತಟ್ಟುತ್ತ, ದೊಡ್ಡ ಹುಡುಗರ ಹೆಜ್ಜೆ ತಪ್ಪಿದಲ್ಲಿ ತಲೆಯೆತ್ತಿ ನೋಡುತ್ತಿದ್ದ. ಅವನನ್ನು ಯಾವ ವಿಭಾಗಕ್ಕೆ ಹಾಕುವುದು?

ಇನ್ನೊಂದು ಮಾತು, ನಿಮ್ಮ ಮನೆಗೇ ಸೇರಿದ್ದು. ನೆಂಟರೆದುರು ‘ಇವಳು ವಿಶೇಷ ವಿಭಾಗ’ ಎಂದು ಹೇಳುವ ರೂಢಿ ಇದ್ದರೆ ಇಂದೇ ನಿಲ್ಲಿಸಿ. 1998ರಲ್ಲಿ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳೊಡನೆ ನಡೆಸಿದ ಪ್ರಯೋಗ ಪ್ರಕಟವಾಯಿತು. ‘ನೀನು ಜಾಣ’ ಎಂದು ಹೊಗಳಿಸಿಕೊಂಡವರು ಕಠಿಣ ಪ್ರಶ್ನೆಗಳಲ್ಲಿ ಸೋತ ಮೇಲೆ ಕುಗ್ಗಿದರು, ಸುಲಭದ ಪ್ರಶ್ನೆಗಳಿಗೂ ಮೊದಲಿಗಿಂತ ಕಡಿಮೆ ಅಂಕ ಪಡೆದರು. ‘ಕಷ್ಟಪಟ್ಟು ಮಾಡಿದೆ’ ಎನಿಸಿಕೊಂಡವರು ಮತ್ತೆ ಪ್ರಯತ್ನಿಸಿದರು. ಹಣೆಪಟ್ಟಿ ನಿಮ್ಮ ಮಗಳಿಗೂ ಭಾರವೇ.

ಪಕ್ಕದ ಮನೆಗೆ ನೀವೇ ಹೋಗಿ. ಕೈಯಲ್ಲಿ ಏನೂ ಬೇಡ.

ಪ್ರತಿಕ್ರಿಯೆ (ತಂದೆ, ಕಾರವಾರ):
ಮೇಡಂ, ನನ್ನ ಮಗ ಇಂಥದ್ದೇ ಇನ್ನೊಂದು ಶಾಲೆಯಲ್ಲಿ ‘ಸಾಮಾನ್ಯ’ದವನು. ಶುಲ್ಕ ಎಲ್ಲರಿಗೂ ಒಂದೇ. ಆದರೆ ಅನುಭವಿ ಗಣಿತ ಶಿಕ್ಷಕರು, ಪ್ರಯೋಗಾಲಯದ ಅವಧಿ ಎಲ್ಲ ಆ ಕಡೆಗೆ. ಪಾಲಕರ ವಾಟ್ಸಾಪ್ ಗುಂಪು ಕೂಡ ಬೇರೆ. ತರಗತಿಯಲ್ಲಿ ‘ನಿಮಗೆ ಇಷ್ಟು ಸಾಕು’ ಎನ್ನುತ್ತಾರಂತೆ. ತಾಯಂದಿರು ಮಾತಾಡಿಕೊಂಡರೆ ಇದು ಸರಿಯಾಗುವುದೇ?

ಉತ್ತರ:
ಇಲ್ಲ, ಆಗುವುದಿಲ್ಲ. ನಿಮ್ಮ ದೂರು ನ್ಯಾಯವಾದದ್ದು, ಅದನ್ನು ನಾನು ಮೊದಲೇ ಹೇಳಬೇಕಿತ್ತು. ‘ನಿಮಗೆ ಇಷ್ಟು ಸಾಕು’ ಎಂಬ ಮಾತನ್ನು ದಿನಾಂಕದೊಂದಿಗೆ ಬರೆದಿಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ.

ಆಯ್ಕೆ ಪರೀಕ್ಷೆಯೇ ತಪ್ಪು ಎಂದು ನಾನು ಹೇಳಲಾರೆ. ಮುಂಡಗೋಡದ ನವೋದಯಕ್ಕೂ ಪರೀಕ್ಷೆ ಇದೆ. 80 ಪ್ರಶ್ನೆ, 100 ಅಂಕ, ಕನಿಷ್ಠ ಶೇ 75 ಸ್ಥಾನ ಗ್ರಾಮೀಣ ಮಕ್ಕಳಿಗೆ ಎಂಬ ನಿಯಮ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಅಲ್ಲಿ ಆಯ್ಕೆಯಾಗದ ಮಗು ಮರುದಿನ ತನ್ನ ಹಳೆಯ ಬೆಂಚಿಗೇ ಬರುತ್ತದೆ, ಗೆಳೆಯರು ಅಲ್ಲಿಯೇ ಇರುತ್ತಾರೆ. ನಿಮ್ಮಿಬ್ಬರ ಶಾಲೆಗಳು ಆ ಬೆಂಚನ್ನೇ ಎರಡು ಮಾಡಿವೆ.

ಎರಡೂ ವಿಭಾಗದ ಪಾಲಕರು ಒಟ್ಟಿಗೆ ಹೋಗಿ ಕೇಳಿ. ಒಂದು ಕಡೆಯವರೇ ಹೋದರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಕನ್ನಡ, ಸಮಾಜ, ಆಟ, ಊಟ ಎಲ್ಲ ಮಕ್ಕಳಿಗೂ ಒಟ್ಟಿಗೆ ಇರಲಿ. ವೇಗವಾಗಿ ಕಲಿಯುವವರಿಗೆ ವಾರಕ್ಕೆ ಕೆಲವು ಅವಧಿ ಬೇರೆ ಇರಲಿ, ಅದಕ್ಕೆ ಆಸಕ್ತಿಯಿರುವ ಯಾವ ಮಗುವಾದರೂ ಬರಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಗಣಿತ ವೃತ್ತ, ವಿಜ್ಞಾನ ವೃತ್ತಗಳು, ಅಂದರೆ ಆಸಕ್ತ ಮಕ್ಕಳ ಕೂಟಗಳು, ಇದೇ ಬಗೆಯವು. ಅನುಭವಿ ಶಿಕ್ಷಕರು ಎರಡೂ ಕಡೆ ಪಾಠ ಮಾಡಲಿ. ಈ ಒಂದರಲ್ಲಿ ಮಾತ್ರ ರಾಜಿ ಆಗಬೇಡಿ.

ಮತ್ತೆ (ತಾಯಿ, ಅಂಕೋಲಾ):
ನಿನ್ನೆ ಸಂಜೆ ಹೋಗಿದ್ದೆ, ಮೇಡಂ. ಬಹಳ ಹೊತ್ತು ಇಬ್ಬರೂ ಮಳೆಯ ಬಗ್ಗೆಯೇ ಮಾತಾಡಿದೆವು. ಆಮೇಲೆ ಅವರು ಮಗಳ ಗಣಿತದ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟರು. ಎಲ್ಲ ಲೆಕ್ಕವೂ ಸರಿ. ‘ಆ ಪರೀಕ್ಷೆಯ ದಿನ ಇವಳಿಗೆ ಜ್ವರ ಇತ್ತು, ಯಾರೂ ಕೇಳಲಿಲ್ಲ’ ಎಂದರು. ನನಗೂ ಅದು ಗೊತ್ತಿರಲಿಲ್ಲ, ನಾನೂ ಕೇಳಿರಲಿಲ್ಲ. ರಿಕ್ಷಾ ಇನ್ನೂ ಬೇರೆಯೇ ಇದೆ. ಶನಿವಾರ ಮುಖ್ಯಾಧ್ಯಾಪಕರ ಬಳಿ ಇಬ್ಬರೂ ಒಟ್ಟಿಗೆ ಹೋಗುತ್ತಿದ್ದೇವೆ.