ಕಾಫಿ ಬೊಡ್ಡೆಯಲ್ಲಿ ಕೆತ್ತಿದ ತಲೆ ಸೀಳಿತು, ಎಲ್ಲಿ ತಪ್ಪಿದೆ?

ಮಣ್ಣಿನಕೈ (ವಿರಾಜಪೇಟೆ): ಇಷ್ಟು ದಿನ ಜೇಡಿಮಣ್ಣು, ಪ್ಲಾಸ್ಟರ್ ಅಚ್ಚಿನ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಚ್ಚು ಒಣಗುವುದೇ ಇಲ್ಲ, ಅದಕ್ಕೇ ಮರಕ್ಕೆ ಬಂದೆ. ತೋಟದಲ್ಲಿ ಕಿತ್ತ ಹಳೇ ಕಾಫಿ ಬೊಡ್ಡೆ, ಒಂದೂವರೆ ಅಡಿ ಉದ್ದ, ಏಳು ಇಂಚು ದಪ್ಪ. ಮೂರನೇ ವಾರಕ್ಕೆ ಹಣೆಯಿಂದ ಗಲ್ಲದವರೆಗೆ ಸೀಳು. ಯಾಕೆ?

ಉಳಿಪೆಟ್ಟು: ನಟ್ಟನಡುವಿನ ತಿರುಳು ಒಳಗೇ ಉಳಿದಿತ್ತಲ್ಲವೇ? ಹಸಿ ಮರ ಸುತ್ತಳತೆಯಲ್ಲಿ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಇಡೀ ಬೊಡ್ಡೆಯಲ್ಲಿ ಆ ಎಳೆತಕ್ಕೆ ದಾರಿಯಿಲ್ಲ, ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಉದ್ದಕ್ಕೆ ಎರಡು ಹೋಳು ಮಾಡಿ ತಿರುಳು ತೆಗೆಯಿರಿ. ಇಡಿಯಾಗಿಯೇ ಬೇಕೆಂದರೆ ಹಿಂದಲೆಯಿಂದ ಒಳಗೆ ಕೊರೆದು, ಸುತ್ತ ಒಂದೂವರೆ ಇಂಚು ಗೋಡೆ ಮಾತ್ರ ಉಳಿಸಿ.

ಕಡಿದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣ ಬಳಿಯಬೇಕು. ನೀರು ಹೆಚ್ಚು ಓಡುವುದು ತುದಿಯಿಂದಲೇ. ಮೇಣವಿಲ್ಲದಿದ್ದರೆ ಫೆವಿಕಾಲ್ ಎರಡು ಕೋಟ್. ಬೇಗ ಒಣಗಲೆಂದು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದಿರೋ, ಕೆಟ್ಟಿತು: ಹೊರಮೈ ಒಣಗಿ ಬಿಗಿಯುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ಗಾಳಿಯಾಡುವ ನೆರಳು ಸಾಕು, ಇಂಚು ದಪ್ಪಕ್ಕೆ ಒಂದು ವರ್ಷದ ಲೆಕ್ಕ. ವಾರಕ್ಕೊಮ್ಮೆ ತೂಗಿ ಬರೆದಿಡಿ. ಬೇಸಿಗೆಯಲ್ಲಿ ನಾಲ್ಕು ವಾರ ತೂಕ ಇಳಿಯದಿದ್ದರೆ ಉಳಿ ಹಿಡಿಯಬಹುದು. ಮಳೆಗಾಲದಲ್ಲಿ ತೂಕ ನಿಂತರೆ ನಂಬಬೇಡಿ, ಗಾಳಿಯೇ ಒದ್ದೆ. ಜುಲೈಯಲ್ಲಿ ನಯ ಮಾಡಿ ಮುಗಿಸಿದ್ದು ಫೆಬ್ರವರಿಯಲ್ಲಿ ಮತ್ತೆ ಕುಗ್ಗುತ್ತದೆ. ಮಳೆಯಲ್ಲಿ ಒರಟು ಕೆತ್ತನೆ, ಬಿಸಿಲಲ್ಲಿ ಕೊನೆಯ ಕೆಲಸ.

ಚೌರಿಕಾಡು: ಅರೇಬಿಕಾವೋ ರೊಬಸ್ಟಾವೋ ಹೇಳಲಿಲ್ಲ. ಅರೇಬಿಕಾ ಆದರೆ ಬಿಳಿ ಕಾಂಡಕೊರಕ ಹುಳುವಿನ ಸುರಂಗ ನೋಡಿಕೊಳ್ಳಿ, ಹುಡಿ ಗಿಡಿದು ತುಂಬಿರುತ್ತದೆ, ಹೊರಗಿನಿಂದ ಕಾಣದು. ಮೂಗು ಬಿಡಿಸುವ ಹೊತ್ತಿಗೆ ಉಳಿ ಅಲ್ಲೇ ಇಳಿಯುತ್ತದೆ! ಸುತ್ತಿಗೆಯಲ್ಲಿ ತಟ್ಟಿ, ಮಂಕು ಸದ್ದು ಬಂದರೆ ಆ ಬೊಡ್ಡೆ ಸೌದೆಗೆ. ರೊಬಸ್ಟಾಕ್ಕೆ ಆ ಕಾಟ ಕಡಿಮೆ, ಬೊಡ್ಡೆಯೂ ದಪ್ಪ.

ಗೀರುಗೆರೆ: ಮಣ್ಣು ಬಿಡಬೇಡಿ. ಮಣ್ಣಿನಲ್ಲಿ ತಪ್ಪಿದರೆ ಮೆತ್ತಬಹುದು, ಮರದಲ್ಲಿ ಹೋದದ್ದು ಹೋಯಿತು. ಮೂರರಲ್ಲೊಂದು ಅಳತೆಯ ಮಣ್ಣಿನ ಮಾದರಿ ಮಾಡಿ, ಕ್ಯಾಲಿಪರ್‌ನಿಂದ ಮೂಗಿನ ತುದಿ, ಗಲ್ಲ, ಕಿವಿ, ನೆತ್ತಿ ಅಳೆದು ಮೂರರಿಂದ ಗುಣಿಸಿ ಮರಕ್ಕೆ ಗುರುತು ಹಾಕಿ. ಹೊರಗೆ ಚಾಚಿದ ಬಿಂದುಗಳಿಂದ ಶುರು ಮಾಡಿ ಒಳಕ್ಕೆ ಹೋಗಿ. ಮೂಗಿಗೆ ಅರ್ಧ ಇಂಚು ಹೆಚ್ಚು ಬಿಡಿ, ಕಣ್ಣು ಕೊನೆಗೆ.

ಮಣ್ಣಿನಕೈ: ಫೈಬರ್‌ಗ್ಲಾಸ್‌ಗೆ ಹೋದರೆ ಈ ರಗಳೆಯೇ ಇರದಲ್ಲ?

ಉಳಿಪೆಟ್ಟು: ಅಲ್ಲಿಯೂ ಒದ್ದೆಯೇ ವೈರಿ. ಗಾಜಿನ ನಾರಿನ ಮ್ಯಾಟ್ ತೇವ ಹೀರಿದರೆ ರಾಳ ಸರಿಯಾಗಿ ಹಿಡಿಯುವುದಿಲ್ಲ, ಚಳಿಯಿದ್ದರೆ ಗಟ್ಟಿಯಾಗಲು ತಡ. ಪಾಲಿಯೆಸ್ಟರ್ ರಾಳಕ್ಕೆ ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಮೊದಲು ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್ (ರಾಳವನ್ನು ಗಟ್ಟಿ ಮಾಡುವ ದ್ರವ), ಸುಮಾರು ನೂರಕ್ಕೆ ಒಂದೆರಡು ಪಾಲು, ಡಬ್ಬಿಯ ಮೇಲಿನ ಅಳತೆ ನೋಡಿ. ಕೋಬಾಲ್ಟ್, ಹಾರ್ಡನರ್ ಎರಡನ್ನೂ ನೇರ ಬೆರೆಸಿದರೆ ಬೆಂಕಿ ಹತ್ತಿಕೊಳ್ಳಬಹುದು, ಸಿಡಿಯಲೂಬಹುದು. ಎರಡೂ ಬಾಟಲಿ ಒಂದೇ ಕಪಾಟಿನಲ್ಲಿ ಇಡಬೇಡಿ.