ಅಪ್ಪನ ಫೋಟೋಗಳನ್ನು ಜೋಡಿಸಿಡಲು ಉಚಿತವಾದ, ಸುಲಭದ ಸಾಫ್ಟ್‌ವೇರ್ ಯಾವುದು?

ಚಾಮರಾಜಪೇಟೆಯವಳು:

ಎಲ್ಲರಿಗೂ ನಮಸ್ಕಾರ. ಅಪ್ಪ ಹೋಗಿ ಎರಡು ವರ್ಷವಾಯಿತು. ಅವರು ತೆಗೆದ ಫೋಟೋಗಳೆಲ್ಲ ಈಗ ನನ್ನ ಹತ್ತಿರ ಇವೆ. ಸುಮಾರು 38,000. ಒಂದಷ್ಟು ಹಳೇ ಲ್ಯಾಪ್‌ಟಾಪಿನಲ್ಲಿ, ಒಂದಷ್ಟು ಪೆನ್‌ಡ್ರೈವ್‌ಗಳಲ್ಲಿ, ಉಳಿದದ್ದು ಅಮ್ಮನ ಫೋನಿನಲ್ಲಿ. ಹಳೇ ಆಲ್ಬಮ್ಮುಗಳನ್ನು ಹೋದ ತಿಂಗಳು ಸ್ಕ್ಯಾನ್ ಮಾಡಿಸಿದೆ.

ಅಪ್ಪ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ತಪ್ಪಿಸುತ್ತಿರಲಿಲ್ಲ. ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಯೂ ಆಗಲೇಬೇಕು. ಗಾಜಿನ ಮನೆ ಮುಂದೆ ನಾವೆಲ್ಲ ನಿಂತ ಫೋಟೋಗಳೇ ನೂರಾರಿವೆ. ಪಕ್ಕದಲ್ಲಿ ನಿಂತವರು ಯಾರು ಅಂತ ಅಮ್ಮನಿಗೆ ಮಾತ್ರ ಗೊತ್ತು. ಅಮ್ಮನಿಗೆ ಈಗ 76. ಅವರು ಕೂತು ಹೇಳುವಾಗಲೇ ಹೆಸರು ಬರೆದಿಡಬೇಕು, ಅದೇ ನನ್ನ ಅವಸರ.

ಲ್ಯಾಪ್‌ಟಾಪ್ ವಿಂಡೋಸ್ 10, ರ‍್ಯಾಮ್ 4 ಜಿಬಿ. ಎಡಿಟಿಂಗ್ ಬೇಡ. ಆನ್‌ಲೈನ್‌ಗೆ ಹಾಕುವ ಮನಸ್ಸೂ ಇಲ್ಲ. ಗೂಗಲ್‌ನಲ್ಲಿ ಉಚಿತ ಜಾಗ 15 ಜಿಬಿ, ಅದರಲ್ಲೇ ಮೇಲ್ ಕೂಡ ಬರಬೇಕು. ನಮ್ಮದು 140 ಜಿಬಿ ಇದೆ. ಅಪ್ಪ ಪಿಕಾಸಾ ಅನ್ನುವ ಹಳೇ ಫೋಟೋ ಸಾಫ್ಟ್‌ವೇರಿನಲ್ಲಿ ಫೋಟೋಗಳ ಕೆಳಗೆ ಏನೇನೋ ಬರೆದಿದ್ದರು. ಅದು ಈಗ ಸಿಗುತ್ತದಾ?

ವಿಜಯನಗರದಿಂದ:

ಮೇಡಂ, ಪಿಕಾಸಾವನ್ನು ಗೂಗಲ್ 2016ರಲ್ಲೇ ನಿಲ್ಲಿಸಿತು. ಆದರೆ ಜೆಪೆಗ್ ಫೋಟೋಗಳಿಗೆ ಬರೆದ ಕ್ಯಾಪ್ಷನ್‌ಗಳನ್ನು ಅದು ಫೋಟೋ ಫೈಲಿನ ಒಳಗೇ ಇಡುತ್ತಿತ್ತು. ಹಾಗಾಗಿ ನಿಮ್ಮ ತಂದೆಯವರು ಬರೆದದ್ದು ಸಿಗಬಹುದು.

ನಾನು ಬಳಸುವುದು ಡಿಜಿಕ್ಯಾಮ್. ಪೂರ್ತಿ ಉಚಿತ, ಓಪನ್ ಸೋರ್ಸ್. ಮೊದಲ ಸಲ ತೆರೆದಾಗ ಕೆಲವು ಪ್ರಶ್ನೆ ಕೇಳುತ್ತದೆ. ಅದರಲ್ಲಿ ಒಂದು ಮುಖ್ಯ: ನೀವು ಬರೆಯುವ ಹೆಸರು, ಟ್ಯಾಗ್‌ಗಳನ್ನು ಫೋಟೋ ಫೈಲಿನ ಒಳಗೂ ಬರೆಯಬೇಕಾ ಅಂತ. ಬರೆಯಲಿ ಅಂತಲೇ ಹೇಳಿ. ಇಲ್ಲದಿದ್ದರೆ ಎಲ್ಲ ಅದರ ಡೇಟಾಬೇಸಿನಲ್ಲಿ ಮಾತ್ರ ಉಳಿಯುತ್ತದೆ. ನಾಳೆ ಬೇರೆ ಸಾಫ್ಟ್‌ವೇರಿಗೆ ಹೋದರೆ ಅಮ್ಮ ಹೇಳಿದ್ದೆಲ್ಲ ಹೋಯಿತು. ಕನ್ನಡದಲ್ಲೇ ಟೈಪ್ ಮಾಡಬಹುದು.

ಮುಖ ಗುರುತಿಸುವುದೂ ಇದೆ. ಅದಕ್ಕೆ ಬೇಕಾದ ಫೈಲುಗಳನ್ನು ಒಮ್ಮೆ ಡೌನ್‌ಲೋಡ್ ಮಾಡಿಕೊಳ್ಳಬೇಕು. ಆಮೇಲಿನ ಕೆಲಸವೆಲ್ಲ ನಿಮ್ಮ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ, ಫೋಟೋ ಎಲ್ಲೂ ಹೊರಗೆ ಹೋಗುವುದಿಲ್ಲ. 4 ಜಿಬಿಯಲ್ಲಿ ನಿಧಾನ ಆಗುತ್ತದೆ. ಒಂದೊಂದೇ ಫೋಲ್ಡರ್ ಕೊಟ್ಟು ರಾತ್ರಿ ಬಿಟ್ಟುಬಿಡಿ.

ಯಲಹಂಕದಿಂದ:

ಅದಕ್ಕೂ ಮೊದಲು ಒಂದು ಮಾತು ಅಕ್ಕ. ಎಸ್.ಪಿ. ರಸ್ತೆಗೆ ಹೋಗಿ ಒಂದು ಟಿಬಿಯ ಹಾರ್ಡ್ ಡಿಸ್ಕ್ ಎರಡು ತನ್ನಿ. ಎಲ್ಲವನ್ನೂ ಎರಡಕ್ಕೂ ಕಾಪಿ ಮಾಡಿ, ಒಂದನ್ನು ತಮ್ಮನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ. ಆಮೇಲೆ ಕೆಲಸ ಶುರು ಮಾಡಿ. ನನ್ನ ಮಗನ ಮೊದಲ ವರ್ಷದ ಫೋಟೋಗಳು ಒಂದೇ ಡಿಸ್ಕಿನಲ್ಲಿದ್ದವು. ಡಿಸ್ಕ್ ಕೆಟ್ಟಿತು, ಒಂದೂ ಉಳಿಯಲಿಲ್ಲ.

ಡಿಜಿಕ್ಯಾಮ್ ಭಾರ ಅನ್ನಿಸಿದರೆ ಎಕ್ಸ್‌ಎನ್‌ವ್ಯೂ ಎಂಪಿ ನೋಡಿ. ಮನೆ ಬಳಕೆಗೆ ಉಚಿತ, ಹಗುರ.

ಮಲ್ಲೇಶ್ವರದಿಂದ:

ಸ್ಕ್ಯಾನ್ ಮಾಡಿಸಿದ ಫೋಟೋಗಳಿಗೆ ಸ್ಕ್ಯಾನ್ ಆದ ದಿನವೇ ತಾರೀಕು ಆಗಿರುತ್ತದೆ. 1988ರ ಫೋಟೋ ಹೋದ ತಿಂಗಳಿನದರ ಜೊತೆ ಕೂತಿರುತ್ತದೆ. ಡಿಜಿಕ್ಯಾಮ್‌ನಲ್ಲಿ ತಾರೀಕು ತಿದ್ದಬಹುದು, ನೂರು ಫೋಟೋ ಒಟ್ಟಿಗೆ ಆರಿಸಿದರೂ ಆಗುತ್ತದೆ. ಲಾಲ್‌ಬಾಗಿನವು ಸುಲಭ ಅಲ್ವಾ? ಪ್ರದರ್ಶನ ಗಣರಾಜ್ಯೋತ್ಸವಕ್ಕೆ ಒಂದು, ಸ್ವಾತಂತ್ರ್ಯ ದಿನಕ್ಕೆ ಒಂದು. ಸ್ವೆಟರ್ ಹಾಕಿದ್ದರೆ ಜನವರಿ ಇರಬೇಕು, ಕೈಯಲ್ಲಿ ಕೊಡೆ ಇದ್ದರೆ ಆಗಸ್ಟ್. ವರ್ಷವನ್ನು ಅಮ್ಮನ ಕೇಳಿ.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋಗಳಲ್ಲಿ ತೆಗೆದ ದಿನದ ಮಾಹಿತಿ ಉಳಿದಿರುವುದಿಲ್ಲ. ಫೋನಿನಲ್ಲಿ ಫೈಲಿನ ಹೆಸರಿನೊಳಗೆ 20190412 ಅಂತ ಇರುತ್ತದಲ್ಲ, ಅದು ವಾಟ್ಸ್ಆ್ಯಪ್‌ಗೆ ಬಂದ ದಿನ. ಆ ಹೆಸರನ್ನು ಬದಲಾಯಿಸಬೇಡಿ, ಅಷ್ಟಾದರೂ ಸುಳಿವು ಇರಲಿ. ಫೋಲ್ಡರಿಗೆ ಹೆಸರಿಡುವಾಗ ನೀವೂ ವರ್ಷ, ತಿಂಗಳು, ಆಮೇಲೆ ವಿಷಯ ಅಂತ ಇಡಿ. ತಾನಾಗೇ ಸಾಲಾಗಿ ಕೂರುತ್ತವೆ.

ಚಾಮರಾಜಪೇಟೆಯವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಿಸ್ಕ್ ತಂದೆ, ಒಂದು ಜಯನಗರಕ್ಕೆ ತಮ್ಮನ ಮನೆಗೆ ಹೋಯಿತು. ಡಿಜಿಕ್ಯಾಮ್ ಹಾಕಿಕೊಂಡೆ. ನಿಧಾನ ನಿಜ, ಆದರೆ ಕೆಲಸ ಆಗುತ್ತಿದೆ. ಮೂರು ಮಧ್ಯಾಹ್ನ ಅಮ್ಮನ ಜೊತೆ ಕೂತು 212 ಫೋಟೋಗಳಿಗೆ ಹೆಸರು ಬರೆದೆ. ಒಂದು ಮುಖಕ್ಕೆ ಅಮ್ಮ ಎರಡು ದಿನ ಯೋಚಿಸಿ, ಮೂರನೇ ದಿನ ಬೆಳಿಗ್ಗೆ ಅಡುಗೆಮನೆಯಿಂದಲೇ ಕೂಗಿ ಹೆಸರು ಹೇಳಿದರು.

ಅಪ್ಪ ಬರೆದದ್ದೂ ಸಿಕ್ಕಿತು ಸರ್. ಆಗ ಅವರಿಗೆ ಕನ್ನಡ ಟೈಪ್ ಮಾಡಲು ಬರುತ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದಿದ್ದಾರೆ. 2009ರ ಪರಿಷೆಯ ಫೋಟೋ ಕೆಳಗೆ ಇರುವುದು ಇಷ್ಟೇ: ‘ಎರಡು ಸೇರು ಸಾಕು ಅಂದೆ. ಮೊಮ್ಮಗಳು ಕೇಳಲಿಲ್ಲ.’